ಗೆಮೆಯ ಮಣ್ಣಿನ ಗಂಡ

ಕಾಲುವೆಯ ಹೂಳೆತ್ತುವ ತಿಂಗಳಿಗೆ ಇನ್ನು ನಾಲ್ಕೇ ದಿನ ಇದೆ ಅನ್ನುವಾಗ ದುದು ಖರ್ಜೂರದ ಮರದಿಂದ ಬಿದ್ದು ಕಾಲು ಮುರಿದುಕೊಂಡ. ಹೆಣ್ಣುಮರದ ಗೊನೆಗೆ ಗಂಡುಹೂವಿನ ಪುಡಿ ಉದುರಿಸಲು ಹತ್ತಿದ್ದವನು ಆ ಕೆಲಸ ಮುಗಿಸಿ ಸುಮ್ಮನೆ ಇಳಿದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಅದೇ ಹೊತ್ತಿಗೆ ಗುಡಿಯ ನೆಯ್ಗೆಮನೆಯ ಹೆಂಗಸರು ನಾಲ್ಕು ಜನ ಕೆಳಗೆ ಹಾದುಹೋಗುತ್ತಿದ್ದರು. ಅವರಿಗೆ ಕೇಳಲಿ ಅಂತ ದುದು ಮೇಲಿನಿಂದ ಒಂದು ಹಾಡು ಎತ್ತಿಕೊಂಡ. ಹಾಡು ಅಂದಮೇಲೆ ತಾಳ ಬೇಡವೇ? ಚಪ್ಪಾಳೆ ತಟ್ಟಿದ. ಎರಡೂ ಕೈ ಬಿಟ್ಟು.

ಅವನ ಹೆಂಡತಿ ಗೆಮೆ ಓಡಿಬಂದು ನೋಡಿದಾಗ ಅವನು ಮರದ ಬುಡದಲ್ಲಿ ಬಿದ್ದು, ತಲೆತುಂಬ ಹೂವಿನ ಪುಡಿ ಮೆತ್ತಿಕೊಂಡು, ಅಳುವುದೋ ನಗುವುದೋ ತಿಳಿಯದ ಮುಖ ಮಾಡಿಕೊಂಡಿದ್ದ.

"ಒಂದು ಕೈಲಿ ತೊಡೆ ತಟ್ಕೊಂಡಿದ್ರೆ ತಾಳ ಆಗ್ತಿರ್ಲಿಲ್ವೇನ್ರೀ?" ಅಂದಳು.

"ಹಾಡು ಅರ್ಧಕ್ಕೇ ನಿಂತೋಯ್ತು ಕಣೆ," ಅಂದ ದುದು.

"ಸದ್ಯ, ಅದಾದ್ರೂ ನಿಂತಿತಲ್ಲ."

ಜೊಂಡಿನ ಸೀಳು ಕಟ್ಟಿ, ಡಾಂಬರು ಮೆತ್ತಿ, ಕಾಲನ್ನು ನೆಟ್ಟಗೆ ಕೂರಿಸಿದ್ದಾಯಿತು. ಎರಡು ತಿಂಗಳು ಹಾಸಿಗೆ ಬಿಟ್ಟು ಏಳಬಾರದು ಅಂದ ವೈದ್ಯ. ಅಲ್ಲಿಯವರೆಗೆ ಗಂಡನನ್ನು ಕಾಡಿಸಿಕೊಂಡು ನಗುತ್ತಿದ್ದ ಗೆಮೆ ಎರಡು ತಿಂಗಳು ಅನ್ನುವ ಮಾತು ಕಿವಿಗೆ ಬಿದ್ದದ್ದೇ ಬೆರಳು ಮಡಿಚಿ ದಿನ ಎಣಿಸತೊಡಗಿದಳು.

ಎಶಗಿ ಊರಿನ ಕಟ್ಟಳೆ ಹೀಗಿತ್ತು. ಬುರನುನ ನದಿಯ ನೀರು ಏರುವ ಮೊದಲು ಮನೆಗೊಬ್ಬ ಗಂಡಸು ಬಂದು ಒಂದು ಹಗ್ಗದಷ್ಟು ಉದ್ದ ಕಾಲುವೆಯ ಹೂಳೆತ್ತಿ ಏರಿ ಗಟ್ಟಿ ಮಾಡಬೇಕು. ಒಂದೊಂದು ಮನೆಯ ಆ ಪಾಲಿಗೇ ಹಗ್ಗ ಅನ್ನುತ್ತಿದ್ದರು. ತಿಂಗಳ ಕೊನೆಗೆ ಗುಡಿಯವರು ಬೇಸಿಗೆಯ ನೀರಿನ ಸರದಿ ಹಂಚುತ್ತಾರೆ. ಯಾವ ಮನೆಯಿಂದ ಗಂಡಸು ಬರಲಿಲ್ಲವೋ ಆ ಮನೆಗೆ ಸರದಿಯಿಲ್ಲ. ಅದು ಪಕ್ಕದ ಹೊಲದವರಿಗೆ ಹೋಗುತ್ತದೆ. ಗೆಮೆಗೂ ದುದುವಿಗೂ ಇದ್ದದ್ದು ಒಂದಿಷ್ಟು ಈರುಳ್ಳಿ ಮಡಿ, ಒಂದಿಷ್ಟು ಬೆಳ್ಳುಳ್ಳಿ ಮಡಿ, ಆರು ಖರ್ಜೂರದ ಮರ. ಅಲ್ಲಿಯ ಬೇಸಿಗೆಯಲ್ಲಿ ಹತ್ತು ದಿನ ನೀರು ಕಾಣದಿದ್ದರೆ ಈರುಳ್ಳಿ ನೆಲದೊಳಗೇ ಬೆಂದುಹೋಗುತ್ತದೆ. ಗಂಡುಮಕ್ಕಳಿರಲಿಲ್ಲ. ಇದ್ದೊಬ್ಬ ಮಗಳನ್ನು ನದಿಯ ಮೇಲಿನ ಊರಿಗೆ ಕೊಟ್ಟಾಗಿತ್ತು. ಪಕ್ಕದ ಹೊಲ ಯಾರದು ಅಂದರೆ, ಊರಿನ ನೀರಗಂಟಿ ಲುಗಿದನದು.

ಮಾರನೆಯ ಬೆಳಿಗ್ಗೆಯೇ ಲುಗಿದ ಬಂದ. ಕೈಯಲ್ಲಿ ನಾಲ್ಕು ಒಣಮೀನು, ಮುಖದಲ್ಲಿ ಅಷ್ಟೇ ಒಣ ಕನಿಕರ.

"ಅಯ್ಯೋ ದುದಣ್ಣ, ಹಿಂಗಾಗಬಾರ್ದಿತ್ತು. ನಿನ್ನಂಥ ಹಾಡುಗಾರನಿಗೆ!" ಅಂದು, ಮೀನನ್ನು ಗೆಮೆಯ ಕೈಗಿತ್ತು, ಕೂರುವ ಮೊದಲೇ ಕೇಳಿದ: "ಕಾಲುವೆಗೆ ಯಾರನ್ನ ಕಳಿಸ್ತೀರಿ?"

"ನಾನೇ ಬರ್ತೀನಿ," ಅಂದಳು ಗೆಮೆ.

"ನೀನಾ? ಗುಡಿಯ ಮಣ್ಣಿನ ಬಿಲ್ಲೇಲಿ ಗಂಡಸು ಅಂತ ಬರೆದಿದೆಯಲ್ಲಮ್ಮ."

"ಹಿಡಿದಿರೋದು ಗಂಡಸೋ ಹೆಂಗಸೋ ಅಂತ ಗುದ್ದಲಿಗೆ ಗೊತ್ತಾಗತ್ತಾ ಲುಗಿದಣ್ಣ?"

"ಗುದ್ದಲಿಗೆ ಗೊತ್ತಾಗಲ್ಲ. ಬಿಲ್ಲೆಗೆ ಗೊತ್ತಾಗತ್ತೆ."

ಗೆಮೆಯ ಅಜ್ಜಿಯ ಕಾಲದಲ್ಲಿ ಎಶಗಿ ಅಂದರೆ ಹತ್ತು ಜೊಂಡಿನ ಗುಡಿಸಲು, ಎರಡು ದೋಣಿ. ಕಾಲುವೆಗೆ ಯಾರು ಬಂದರು, ಯಾರು ಹೊಟ್ಟೆನೋವು ಅಂತ ಮಲಗಿದರು ಅನ್ನುವುದು ಎಲ್ಲರ ಕಣ್ಣಿಗೂ ಕಾಣುತ್ತಿತ್ತು. ಈಗ ಊರಿಗೆ ಇಟ್ಟಿಗೆಯ ಗೋಡೆ ಬಂದಿದೆ, ದಿಬ್ಬದ ಮೇಲೆ ನಾನ್ಶೆ ಅಮ್ಮನ ಗುಡಿ ಬಂದಿದೆ, ಗುಡಿಯಲ್ಲಿ ಹಸಿಮಣ್ಣಿನ ಬಿಲ್ಲೆಯ ಮೇಲೆ ಕಡ್ಡಿ ಒತ್ತುತ್ತ ಕೂರುವವರು ಬಂದಿದ್ದಾರೆ. ಅವರು ಬಂದಂದಿನಿಂದ ಎಶಗಿಯ ಜನ ಕಣ್ಣನ್ನು ನಂಬುವುದು ಬಿಟ್ಟರು. ಎದುರಿಗೆ ಕತ್ತೆ ನಿಂತಿದ್ದರೂ ಅದು ಬಿಲ್ಲೆಯಲ್ಲಿ ಇದೆಯೋ ಇಲ್ಲವೋ ಅಂತ ವಿಚಾರಿಸಿಕೊಂಡೇ ಮೈ ಸವರುವ ಕಾಲ.

ಲುಗಿದ ಹೋದಮೇಲೆ ಗೆಮೆ ರೊಟ್ಟಿ ಕಟ್ಟಿಕೊಂಡು ಗುಡಿಗೆ ಹೋದಳು. ಗಂಡನ ಕಾಲು ಬೇಗ ಕೂಡಲಿ, ಲುಗಿದನ ನಾಲಿಗೆ ಬೇಗ ಬೀಳಲಿ ಅಂತ ಎರಡು ಬೇಡಿಕೆ ಇಟ್ಟುಕೊಂಡಿದ್ದಳು. ಒಳಗೆ ಅಮ್ಮನ ಎದುರಿಗೆ ಗೋಡೆಯುದ್ದಕ್ಕೂ ಕಲ್ಲಿನ ಮೂರ್ತಿಗಳು ಸಾಲಾಗಿ ನಿಂತಿದ್ದವು. ಉಳ್ಳವರು ಮಾಡಿಸಿ ನಿಲ್ಲಿಸಿದವು. ಎದೆಯ ಮೇಲೆ ಕೈ ಜೋಡಿಸಿಕೊಂಡು, ಕಪ್ಪೆಚಿಪ್ಪಿನ ಕಣ್ಣು ಇಷ್ಟಗಲ ಬಿಟ್ಟುಕೊಂಡು, ರೆಪ್ಪೆ ಹೊಡೆಯದೆ ಹಗಲಿರುಳು ಪ್ರಾರ್ಥನೆ ಮಾಡುವುದು ಅವುಗಳ ಕೆಲಸ. ಮಾಡಿಸಿದವರು ಆ ಹೊತ್ತಿನಲ್ಲಿ ವ್ಯಾಪಾರ ಮಾಡಬಹುದು, ಮೀನು ಹಿಡಿಯಬಹುದು, ಮಲಗಲೂಬಹುದು. ಎಡಗಡೆಯಿಂದ ಏಳನೆಯವನು ಕಲ್ಲಿನ ಲುಗಿದ. ನಿಜವಾದ ಲುಗಿದನಿಗಿಂತ ಹೊಟ್ಟೆ ಅರ್ಧ, ಭಕ್ತಿ ಹತ್ತರಷ್ಟು. ಮೂರು ವರ್ಷದಿಂದ ನಿಜವಾದ ಲುಗಿದ ಬೆಳಗಿನ ಪೂಜೆಗೆ ಬಂದದ್ದನ್ನು ಯಾರೂ ಕಂಡಿರಲಿಲ್ಲ.

ಗೆಮೆ ಅವನ ಮುಂದೆ ಬಹಳ ಹೊತ್ತು ನಿಂತಳು. ತನ್ನ ಎರಡೂ ಬೇಡಿಕೆ ಮರೆತಳು. ರೊಟ್ಟಿಯನ್ನು ಅಮ್ಮನ ಮುಂದಿಟ್ಟು, ಮನೆಗೂ ಹೋಗದೆ ನೇರವಾಗಿ ಕಾಲುವೆಯ ಏರಿಗೆ ನಡೆದಳು. ಅವಳ ತವರಿನವರು ಕುಂಬಾರರು, ಅನ್ನುವುದನ್ನು ಇಲ್ಲಿ ಹೇಳಿಬಿಡುವುದು ಒಳ್ಳೆಯದು.

ಮೊದಲು ಜೊಂಡಿನ ಕಂತೆಗಳನ್ನು ಬಿಗಿಯಾಗಿ ಕಟ್ಟಿ ಬೆನ್ನೆಲುಬು, ಕೈ, ಕಾಲು ಮಾಡಿದಳು. ಮಣ್ಣಿಗೆ ಜವೆಗೋಧಿಯ ಹೊಟ್ಟು, ಆಡಿನ ಕೂದಲು ಬೆರೆಸಿ ತುಳಿದು ಹದ ಮಾಡಿ ಮೆತ್ತಿದಳು. ಮೂರು ದಿನ ಹಿಡಿಯಿತು. ಎದೆಯ ಮೇಲೆ ಕೈ ಜೋಡಿಸಲಿಲ್ಲ. ಗುದ್ದಲಿಯ ಕಾವು ಹಿಡಿಯುವ ಹಾಗೆ ಕೈ ಮುಂದೆ ಚಾಚಿಸಿದಳು. ನದಿಯ ಚಿಪ್ಪು ತಂದು ಕಣ್ಣಿಟ್ಟು, ಡಾಂಬರಿನ ಬೊಟ್ಟಿನಿಂದ ಪಾಪೆ ಮಾಡಿದಳು. ಕೊನೆಗೆ ದುದುವಿನ ಕುರಿತುಪ್ಪಟದ ಹಳೆಯ ಪಂಚೆ ಸುತ್ತಿದಳು.

ದುದುವಿಗೆ ಮನೆಯಲ್ಲಿ ಕೂರಲಾಗಲಿಲ್ಲ. ಪಕ್ಕದ ಮನೆಯವರ ಕತ್ತೆಯ ಮೇಲೆ ಹೇಗೋ ಹತ್ತಿಸಿಕೊಂಡು ನೋಡಲು ಬಂದ. ಬಹಳ ಹೊತ್ತು ನೋಡಿದ.

"ನನಗೆ ಇಷ್ಟು ಹೊಟ್ಟೆ ಎಲ್ಲಿದೆ?" ಅಂದ.

"ಇದೆ."

"ಹೋಗ್ಲಿ. ಮುಖ ನನ್ನ ಥರ ಇಲ್ಲ. ನನಗಿಂತ ಚೆನ್ನಾಗಿದಾನೆ ಇವನು."

"ನಮ್ಮ ಮದುವೆ ದಿನ ನೀವು ಹಿಂಗೇ ಇದ್ರಿ," ಅಂದಳು ಗೆಮೆ. ಹೇಳಬೇಕು ಅಂದುಕೊಂಡು ಹೇಳಿದ್ದಲ್ಲ. ಬೆರಳು ತಾವಾಗಿಯೇ ಆ ಮೂಗನ್ನೂ ಆ ಗದ್ದವನ್ನೂ ನೆನಪಿಟ್ಟುಕೊಂಡಿದ್ದವು, ಅವಳಿಗೇ ಅದು ಆಗ ಗೊತ್ತಾಯಿತು. ನಾಚಿಕೆಯಾಗಿ ಗಡಿಗೆಯಿಲ್ಲದ ಕಡೆ ನೀರು ಹುಡುಕುವವಳ ಹಾಗೆ ಅತ್ತ ತಿರುಗಿದಳು.

ತಿಂಗಳ ಮೊದಲ ದಿನ. ಲುಗಿದ ಏರಿಯ ಮೇಲೆ ನಡೆಯುತ್ತ ತಲೆ ಎಣಿಸುತ್ತ ಬಂದ. ಒಬ್ಬ ಗಂಡಸು ಕಂಡರೆ ಒಂದು ಮಣ್ಣಿನ ಗೋಲಿ ಚೀಲಕ್ಕೆ ಹಾಕುವುದು ಅವನ ಕ್ರಮ. ಅದ್ದಜ್ಜನಿಗೆ ಒಂದು ಗೋಲಿ. ಅದ್ದಜ್ಜ ಅಂದರೆ ಗೆಮೆಯ ಹಗ್ಗದ ಪಕ್ಕದ ಹಗ್ಗದವನು, ಹಲ್ಲಿಲ್ಲದ ಬಾಯಿಂದಲೇ ಊರನ್ನೆಲ್ಲ ಕಚ್ಚಬಲ್ಲ ಮುದುಕ. ಅವನ ಆಚೆ ಇನ್ನೊಂದು ಗಂಡು. ಲುಗಿದ ಗೋಲಿ ಹಾಕಿದ. ಆ ಗಂಡಿನ ಕಾಲ ಬಳಿ ಗೆಮೆ ಬಗ್ಗಿ ಹೂಳೆತ್ತುತ್ತಿದ್ದಳು.

"ಏ ದುದು, ಕಾಲು ಇಷ್ಟು ಬೇಗ ನೆಟ್ಟಗಾಯ್ತಾ? ಹೆಂಡ್ತಿ ಕೈಲಿ ಕೆಲ್ಸ ಮಾಡಿಸ್ಕೊಂಡು ನಿಂತಿದೀಯಲ್ಲ, ನಾಚಿಕೆ ಆಗಲ್ವಾ? ಗುದ್ದಲಿ ಎತ್ತೋ!"

ದುದು ಎತ್ತಲಿಲ್ಲ.

"ಕಿವಿ ಕೇಳಲ್ವೇನೋ ನಿನಗೆ?"

"ಬೈಬೇಡ ಲುಗಿದಣ್ಣ, ಹೊಸಬ ಅವನು," ಅಂದ ಅದ್ದಜ್ಜ.

ಕಾಲುವೆಯ ಈ ತುದಿಯಿಂದ ಆ ತುದಿಯವರೆಗೆ ನಗೆ ಹರಿಯಿತು. ಹರಿದಷ್ಟೂ ಲುಗಿದನ ಮುಖ ಕೆಂಪಾಯಿತು. ಚೀಲದಿಂದ ಒಂದು ಗೋಲಿ ತೆಗೆದು ಎಸೆದು, ಬಂದ ದಾರಿಯಲ್ಲೇ ಗುಡಿಗೆ ದಾಪುಗಾಲು ಹಾಕಿದ.

ಮಧ್ಯಾಹ್ನದೊಳಗೆ ಗುಡಿಯ ಬಾಗಿಲ ಮುಂದೆ ಊರೇ ಸೇರಿತು. ಗುಡಿಯ ಪಾರುಪತ್ಯಗಾರ ಇಗಿಜಿ ನುಣ್ಣಗೆ ಬೋಳಿಸಿದ ತಲೆಯ ಮುದುಕ. ಊಟದಿಂದ ಎಬ್ಬಿಸಿ ತಂದಿದ್ದರಿಂದ ಇನ್ನೂ ಬೆಳ್ಳುಳ್ಳಿ ಜಗಿಯುತ್ತಿದ್ದ.

"ಏನಮ್ಮ ಗೆಮೆ, ಗುಡಿ ಕಟ್ಟಳೇನ ಗೇಲಿ ಮಾಡ್ತಿದೀಯಂತೆ?"

"ಇಲ್ಲ ಸ್ವಾಮಿ. ಕಟ್ಟಳೆಗೆ ಒಬ್ಬ ಗಂಡಸು ಬೇಕು, ನಿಲ್ಸಿದೀನಿ. ಕಾಲುವೆಗೆ ಕೆಲ್ಸ ಬೇಕು, ಮಾಡ್ತಿದೀನಿ. ನನಗೆ ಬೇಕಾಗಿರೋದು ನೀರಿನ ಸರದಿ ಒಂದೇ."

"ಅದು ಬೊಂಬೆ ಸ್ವಾಮಿ!" ಅಂದ ಲುಗಿದ.

"ಗುಡಿ ಒಳಗೆ ನಿಂತಿದೆಯಲ್ಲ ಲುಗಿದಣ್ಣಂದು, ಅದೇನು ಸ್ವಾಮಿ?" ಅಂದಳು ಗೆಮೆ.

"ಅದು ಮೂರ್ತಿ. ಅವನ ಬದಲಿಗೆ ಪ್ರಾರ್ಥನೆ ಮಾಡತ್ತೆ," ಅಂದ ಇಗಿಜಿ.

"ಅಮ್ಮನಿಗೆ ಅದು ಮುಟ್ಟತ್ತಾ?"

ಇಗಿಜಿ ಜಗಿಯುವುದನ್ನು ನಿಲ್ಲಿಸಿದ. ಒಳಗೆ ಒಟ್ಟು ನಲವತ್ತು ಮೂರ್ತಿಗಳಿದ್ದವು. ಅವನ್ನು ಮಾಡಿಸಿದ ನಲವತ್ತು ಮಂದಿಯಲ್ಲಿ ಅರ್ಧದಷ್ಟು ಜನ ಅಲ್ಲೇ ಎದುರಿಗೆ ನಿಂತು ಅವನ ಬಾಯನ್ನೇ ನೋಡುತ್ತಿದ್ದರು. ಎಡದಿಂದ ಮೊದಲನೆಯದು ಅವನದೇ.

"ಮುಟ್ಟದೆ ಏನು? ಮುಟ್ಟತ್ತೆ, ಮುಟ್ಟತ್ತೆ."

"ಹಂಗಾದ್ರೆ ಕಲ್ಲು ಪ್ರಾರ್ಥನೆ ಮಾಡಬಹುದು, ಮಣ್ಣು ಏರಿ ಮೇಲೆ ನಿಂತ್ಕೋಬಾರ್ದಾ?"

"ಪ್ರಾರ್ಥನೆ ಬೇರೆ, ಕಾಲುವೆ ಬೇರೆ!" ಲುಗಿದ ಮುಂದೆ ಬಂದ. "ಮಣ್ಣಿನ ಬೊಂಬೆ ಕಾಲುವೆ ಕೆಲ್ಸ ಮಾಡೋದು ಲೋಕದಲ್ಲಿ ಎಲ್ಲಾದ್ರೂ ಉಂಟಾ?"

ಗೆಮೆ ಕಾಯುತ್ತಿದ್ದದ್ದೇ ಈ ಮಾತಿಗೆ.

"ಲುಗಿದಣ್ಣ, ಮೊಟ್ಟಮೊದಲು ಕಾಲುವೆ ತೋಡ್ತಿದ್ದೋರು ಯಾರು?"

"ಯಾರಂದ್ರೆ? ದೇವರುಗಳು. ಇದನ್ನೂ ಹೇಳ್ಕೊಡಬೇಕಾ?"

"ಆಮೇಲೆ?"

"ಆಮೇಲೆ ಅವರಿಗೆ ಸೊಂಟ ನೋವು ಬಂತು. ಗುದ್ದಲಿ ಬುಟ್ಟಿ ಎಲ್ಲ ಬಿಸಾಕಿ ಕೂತ್ಕೊಂಡ್ರು."

"ಆಮೇಲೆ?"

ಲುಗಿದ ಇಗಿಜಿಯ ಕಡೆ ತಿರುಗಿದ. ಆದರೆ ಎಶಗಿಯಲ್ಲಿ ಈ ಕತೆ ಕೇಳದೆ ಮೊಲೆ ಬಿಟ್ಟ ಮಗುವಿಲ್ಲ. ಗುಂಪೇ ಉತ್ತರ ಕೊಟ್ಟಿತು.

"ತಮ್ಮ ಬದಲಿಗೆ ಮನುಷ್ಯರನ್ನ ಮಾಡಿದ್ರು!"

"ಯಾತರಿಂದ?"

"ಮಣ್ಣಿಂದ!" ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದ್ದು ಅದ್ದಜ್ಜ.

"ಹಂಗಾದ್ರೆ ನೀವು, ನಾನು, ಲುಗಿದಣ್ಣ ಎಲ್ಲರೂ ಬದಲಿ ಆಳುಗಳೇ ಅಲ್ವಾ ಸ್ವಾಮಿ? ಸೊಂಟ ನೋವು ಅಂತ ದೇವರು ಮಣ್ಣಿನ ಆಳು ಕಳಿಸಬಹುದು. ಕಾಲು ಮುರಿದು ಬಿದ್ದಿರೋ ನನ್ನ ಗಂಡ ಕಳಿಸಬಾರ್ದಾ?"

ಇಗಿಜಿ ತಲೆ ಸವರಿಕೊಂಡ. ಆಗುವುದಿಲ್ಲ ಅಂದರೆ ಸಂಜೆಯೊಳಗೆ ನಲವತ್ತು ಮಂದಿ ತಮ್ಮ ತಮ್ಮ ಮೂರ್ತಿ ವಾಪಸ್ ಕೇಳುತ್ತಾರೆ. ಆಗುತ್ತದೆ ಅಂದರೆ ನಾಳೆ ಏರಿಯ ತುಂಬ ಮಣ್ಣಿನ ಗಂಡಸರು ನಿಂತು, ನಿಜವಾದವರೆಲ್ಲ ಜವೆಯ ಬೀರಿನ ಗಡಿಗೆಯ ಸುತ್ತ ಕೂರುತ್ತಾರೆ. ಪಾರುಪತ್ಯಗಾರನಾದವನಿಗೆ ಇಂಥ ಹೊತ್ತಿನಲ್ಲಿ ಮೂರನೆಯ ದಾರಿ ಹೊಳೆಯಬೇಕು. ಇಗಿಜಿ ಆ ಕುರ್ಚಿಯಲ್ಲಿ ಮೂವತ್ತು ವರ್ಷ ಕೂತಿದ್ದು ಸುಮ್ಮನೆ ಅಲ್ಲ.

"ಕೇಳಿ. ಗುಡೀಲಿರೋ ಮೂರ್ತಿಗಳು ಬೀಳಲ್ಲ, ಒಡೆಯಲ್ಲ, ಅದಕ್ಕೇ ಅಮ್ಮ ಒಪ್ಕೊಂಡಿದಾಳೆ. ಗೆಮೆ, ನಿನ್ನ ಗಂಡಸು ತಿಂಗಳ ಕೊನೇ ದಿನದವರೆಗೂ ನೆಟ್ಟಗೆ ನಿಂತಿರಬೇಕು. ಆವತ್ತು ನಾನೇ ಬಂದು ನೋಡ್ತೀನಿ. ನಿಂತಿದ್ರೆ ಸರದಿ ನಿಂದು. ಬಿದ್ರೆ, ಕರಗಿದ್ರೆ, ಲುಗಿದಂದು. ಇನ್ಯಾರಾದ್ರೂ ಇವಳನ್ನ ನೋಡಿ ಬೊಂಬೆ ಮಾಡಿದ್ರೋ, ಅದರ ಜೊತೆ ನಿಮ್ಮನ್ನೂ ಬಿಸಿಲಲ್ಲಿ ನಿಲ್ಲಿಸ್ತೀನಿ."

ಅಂದಿನಿಂದ ಗೆಮೆಗೆ ಎರಡು ಕೆಲಸವಾಯಿತು. ಹಗಲೆಲ್ಲ ಹೂಳೆತ್ತುವುದು, ಬೆಳಿಗ್ಗೆ ಸಂಜೆ ಮಣ್ಣಿನ ಗಂಡನ ಆರೈಕೆ. ಬಿಸಿಲಿಗೆ ಭುಜ ಬಿರುಕು ಬಿಟ್ಟರೆ ಒದ್ದೆ ಮಣ್ಣು ತೀಡಬೇಕು. ಕಾಗೆ ಬಂದು ತಲೆಯ ಮೇಲೆ ಕೂತರೆ ಓಡಿಸಬೇಕು. ಒಂದು ದಿನ ಲುಗಿದನ ಎತ್ತು ಹಗ್ಗ ಬಿಚ್ಚಿಕೊಂಡು, ಊರಲ್ಲಿ ಅಷ್ಟೊಂದು ಗೋಡೆಗಳಿದ್ದರೂ ಇವನಿಗೇ ಬಂದು ಬೆನ್ನು ತಿಕ್ಕಿಕೊಳ್ಳಲು ಹೊರಟಿತು. ಹಗ್ಗ ಬಿಚ್ಚಿದ್ದು ಎತ್ತೇ ಅಂತ ಲುಗಿದ ಅಮ್ಮನ ಮೇಲೆ ಆಣೆ ಇಟ್ಟ. ಗೆಮೆ ಗುದ್ದಲಿಯ ಕಾವಿನಿಂದ ಎತ್ತಿಗೆ ಎರಡು ಬಿಗಿದಳು, ಮೂರನೆಯದನ್ನು ಯಾರಿಗೆ ಅಂತ ಯೋಚಿಸುತ್ತ ಲುಗಿದನನ್ನು ನೋಡಿದಳು. ಎತ್ತು ಮತ್ತೆ ಬರಲಿಲ್ಲ.

ಮನೆಗೆ ಬಂದರೆ ಇನ್ನೊಬ್ಬ ಗಂಡನ ರಗಳೆ.

"ಇವತ್ತು ಅವನ ಬೆನ್ನಿಗೆ ಎಷ್ಟು ಸಲ ನೀರು ಸವರಿದೆ?" ಅನ್ನುತ್ತಿದ್ದ ದುದು.

"ಮೂರು ಸಲ."

"ನನ್ನ ಬೆನ್ನು ನೋಡಿ ಎಷ್ಟು ದಿನ ಆಯ್ತು?"

"ಅವನು ಬೆಳಿಗ್ಗೆಯಿಂದ ಸಂಜೆ ತನಕ ಒಂದು ಮಾತೂ ಆಡಲ್ಲ ಕಣ್ರೀ. ಅಂಥೋರ ಬೆನ್ನು ಉಜ್ಜೋಕೆ ಬೇಜಾರಾಗಲ್ಲ."

ಇಷ್ಟು ಅಂದರೂ, ಗೆಮೆ ಏರಿಯ ಮೇಲೆ ಆ ಮೂಕನ ಹತ್ತಿರ ಎಷ್ಟೋ ಮಾತು ಆಡುತ್ತಿದ್ದಳು. ಕೈಯ ಬೊಕ್ಕೆಯ ಬಗ್ಗೆ, ಮಗಳಿಂದ ಸುದ್ದಿಯೇ ಬಾರದ್ದರ ಬಗ್ಗೆ, ಸರದಿ ತಪ್ಪಿದರೆ ಮುಂದೇನು ಅನ್ನುವುದರ ಬಗ್ಗೆ. ಮನೆಯಲ್ಲಿ ಹೇಳಿದರೆ ದುದು ತನ್ನಿಂದಲೇ ಹೀಗಾಯಿತು ಅಂತ ಮುಖ ಸಣ್ಣ ಮಾಡುತ್ತಾನೆ. ಇವನು ಕಣ್ಣು ಬಿಟ್ಟುಕೊಂಡು ಎಲ್ಲವನ್ನೂ ಕೇಳುತ್ತಿದ್ದ. ಅವನ ಮೇಲೆ ಅವಳಿಗೆ ನಿಜವಾಗಿ ಅಕ್ಕರೆ ಹುಟ್ಟಿತ್ತು. ಇದರಲ್ಲಿ ಮುಚ್ಚಿಡುವಂಥದ್ದೇನೂ ಇಲ್ಲ.

ಹೀಗೆ ಇಪ್ಪತ್ತೆಂಟು ದಿನ ಕಳೆಯಿತು. ಅವಳ ಹಗ್ಗದ ಹೂಳೆಲ್ಲ ಏರಿಯ ಮೇಲೆ ಕೂತು ಒಣಗಿ ಗಟ್ಟಿಯಾಗಿತ್ತು. ಇನ್ನೊಂದೇ ದಿನ. ನಾಳೆ ಇಗಿಜಿ ಬರುತ್ತಾನೆ.

ಆ ವರ್ಷ ನದಿಗೆ ಏನು ಅವಸರವಿತ್ತೋ. ಇಪ್ಪತ್ತೊಂಬತ್ತನೆಯ ದಿನ ಬೆಳಿಗ್ಗೆ ಬಿಸಿಲೇರುವ ಹೊತ್ತಿಗೆ ಮೇಲಿನಿಂದ ಕೂಗು ಕೇಳಿತು. ಕಾಲುವೆಯ ಬಾಯಿಗೆ ಹಾಕಿದ್ದ ಮಣ್ಣಿನ ತಡೆಯನ್ನು ಬುರನುನ ಒದ್ದು ಒಳಗೆ ಬಂದಿತ್ತು. ಜನ ಗುದ್ದಲಿ ಬುಟ್ಟಿ ಎತ್ತಿಕೊಂಡು ಏರಿ ಹತ್ತಿದರು. ಕೆಂಪು ನೀರು ನೊರೆ ಕಾರುತ್ತ ಒಂದೊಂದೇ ಹಗ್ಗ ದಾಟಿತು. ಅದ್ದಜ್ಜನ ಏರಿ ತಡೆಯಿತು. ಗೆಮೆಯ ಏರಿ ತಡೆಯಿತು. ಅವಳ ಆಚೆಗಿದ್ದದ್ದು ಲುಗಿದನ ಹಗ್ಗ.

ಎಲ್ಲರ ಹಗ್ಗವನ್ನೂ ನೋಡಿಕೊಳ್ಳುವವನಿಗೆ ತನ್ನ ಹಗ್ಗ ನೋಡಲು ಪುರುಸೊತ್ತೆಲ್ಲಿ? ಹದಿನೈದು ದಿನದ ಹಿಂದೆಯೇ ಅವನು ಬಿಲ್ಲೆಯಲ್ಲಿ ತನ್ನ ಪಾಲು ಮುಗಿಯಿತು ಅಂತ ಬರೆಸಿಬಿಟ್ಟಿದ್ದ. ಬಿಲ್ಲೆಯ ಪ್ರಕಾರ ಅಲ್ಲಿ ಆಳೆತ್ತರದ ಏರಿ ಇತ್ತು, ಏರಿಯ ಮೇಲೆ ಹೊತ್ತಿಗಿರಲಿ ಅಂತ ಜೊಂಡಿನ ಹೊರೆಗಳೂ ಇದ್ದವು. ನೀರಿಗೆ ಓದು ಬರುತ್ತಿರಲಿಲ್ಲ. ಅದು ಮೊದಲು ಏರಿಯ ಬುಡದಲ್ಲಿ ಒಸರಿತು, ಆಮೇಲೆ ಬೆರಳಗಲ ಸೀಳಿತು, ನೋಡನೋಡುತ್ತ ಒಂದು ಬಾಗಿಲಷ್ಟು ಅಗಲ ಕಿತ್ತುಕೊಂಡು ಕೆಳಗೆ ಹಾರಿತು. ಕೆಳಗೆ ಇಡೀ ಊರಿನ ಜವೆ ಕುಯಿಲಿಗೆ ನಿಂತಿತ್ತು.

"ಜೊಂಡು ತನ್ನಿ! ಜೊಂಡಿನ ಹೊರೆ ತನ್ನಿ!" ಲುಗಿದ ಅತ್ತಿಂದಿತ್ತ ಓಡಿದ.

"ಎಲ್ಲಿದೆಯೋ ಜೊಂಡು? ನಿನ್ನ ಬಿಲ್ಲೇಲಾ?" ಅಂತ ಅದ್ದಜ್ಜ ಕಿರುಚಿದ.

ಜೊಂಡು ಬೇಕಾದರೆ ಜೌಗಿಗೆ ಹೋಗಬೇಕು, ದೋಣಿಯಲ್ಲಿ ಅರ್ಧ ದಿನ. ಬುಟ್ಟಿಯಲ್ಲಿ ಸುರಿದ ಮಣ್ಣು ಹಾಗೇ ತೇಲಿಹೋಗುತ್ತಿತ್ತು. ಆಗ ಒಬ್ಬೊಬ್ಬರಾಗಿ ಎಲ್ಲರ ಕಣ್ಣೂ ಒಂದೇ ಕಡೆ ಹೋಯಿತು. ಒಳಗೆಲ್ಲ ಬಿಗಿಯಾಗಿ ಕಟ್ಟಿದ ಜೊಂಡು, ಮೇಲೆ ಹೊಟ್ಟು ಕೂದಲು ಬೆರೆಸಿದ ಹದವಾದ ಮಣ್ಣು, ಆಳೆತ್ತರ, ಬಾಗಿಲಗಲ. ಅದನ್ನು ಕೇಳುವ ಮುಖ ಯಾರಿಗೂ ಇರಲಿಲ್ಲ.

ಗೆಮೆ ಅವನಿಗೆ ಅಡ್ಡ ನಿಂತಳು. ಒಂದು ದಿನ. ಒಂದೇ ಒಂದು ದಿನ ಇವನು ನಿಂತಿದ್ದರೆ ಬೇಸಿಗೆಯೆಲ್ಲ ನೀರು. ಊರಿನ ಜವೆ ಹೋದರೆ ಹೋಗಲಿ, ಲುಗಿದನ ಏರಿ, ಲುಗಿದ ಉತ್ತರ ಹೇಳಲಿ, ಅಂತ ಮನಸ್ಸು ಒಂದು ಗಳಿಗೆ ಗಟ್ಟಿಯಾಗಿಯೇ ಹೇಳಿತು. ಕೆಳಗೆ ನೀರು ಅದ್ದಜ್ಜನ ಹೊಲದ ಮೊದಲ ಸಾಲಿನ ತೆನೆಗಳನ್ನು ಮಲಗಿಸುವುದು ಕಾಣುತ್ತಿತ್ತು.

"ಏನ್ ಬಾಯಿ ಬಿಟ್ಕೊಂಡು ನೋಡ್ತಿದೀರಿ? ಕಾಲು ಹಿಡೀರಿ ಅವನದು!" ಅಂದಳು.

ತಲೆಯ ಕಡೆ ಅವಳೇ ಹಿಡಿದಳು. ಆರು ಜನ ಹೊತ್ತು ತಂದು, ಕಾಲು ಮುಂದಾಗಿ ಸೀಳಿಗೆ ಇಳಿಸಿದರು. ಅವನು ಸುಮ್ಮನೆ ಹೋಗಿ ನಿಂತ. ನೀರು ತಳ್ಳಿದ ರಭಸಕ್ಕೆ ಎರಡೂ ಭುಜ ಎರಡು ಕಡೆಯ ಏರಿಗೆ ಕಚ್ಚಿಕೊಂಡವು. ಅವನ ಹಿಂದೆ ಚಾಪೆ, ಬುಟ್ಟಿ, ಮೈಮೇಲಿನ ಪಂಚೆ, ಕೈಗೆ ಸಿಕ್ಕಿದ್ದೆಲ್ಲ ತುರುಕಿ ಮಣ್ಣು ಸುರಿದರು. ಲುಗಿದನ ಹೊಸ ತುಪ್ಪಟದ ಪಂಚೆಯನ್ನು ಅದ್ದಜ್ಜ ಕೇಳದೆಯೇ ಬಿಚ್ಚಿಕೊಂಡ. ಮಧ್ಯಾಹ್ನದ ಹೊತ್ತಿಗೆ ಸೀಳು ಮುಚ್ಚಿತು. ಊರಿನ ಜನ ಅರೆಬೆತ್ತಲೆಯಾಗಿ, ಮಣ್ಣು ಮೆತ್ತಿಕೊಂಡು, ಯಾರು ಯಾರೆಂದು ಗುರುತು ಸಿಗದ ಹಾಗೆ ಏರಿಯ ಮೇಲೆ ಕುಸಿದು ಕೂತರು.

ಗೆಮೆ ಮನೆಗೆ ಹೋಗಿ ದುದುವಿಗೆ ಎಲ್ಲ ಹೇಳಿದಳು. ದುದು ಕಾಡಿಸಲಿಲ್ಲ. ಅವಳ ಬೊಕ್ಕೆಯೆದ್ದ ಕೈಯನ್ನು ತನ್ನ ಕೈಯಲ್ಲಿ ಇಟ್ಟುಕೊಂಡು, "ಆರು ಮರ ಇದೆಯಲ್ಲೇ. ಖರ್ಜೂರ ತಿಂದ್ಕೊಂಡೇ ಒಂದು ಬೇಸಿಗೆ ಕಳೆಯೋಣ," ಅಂದ. ಅವಳು ಆಗ ಅತ್ತಳು.

ಮಾರನೆಯ ದಿನ ಇಗಿಜಿ ಕತ್ತೆಗಾಡಿಯಲ್ಲಿ ಬಂದ. ಲುಗಿದ ಎರವಲು ಪಂಚೆ ಉಟ್ಟು ಕಾಯುತ್ತಿದ್ದ. ರಾತ್ರಿಯೆಲ್ಲ ಯೋಚಿಸಿ ಅವನಿಗೆ ನಾಚಿಕೆ ಹೋಗಿ ಲೆಕ್ಕಾಚಾರ ವಾಪಸ್ ಬಂದಿತ್ತು.

"ನೋಡಿ ಸ್ವಾಮಿ, ನೀವೇ ಹೇಳಿದ್ದು. ಗೆಮೆ ಹಗ್ಗದಲ್ಲಿ ಯಾವ ಗಂಡಸೂ ನಿಂತಿಲ್ಲ."

"ಹೌದಲ್ಲ. ಎಲ್ಲಮ್ಮ ಅವನು?"

ಗೆಮೆ ಕೈ ತೋರಿಸಿದಳು. ಇಗಿಜಿ ಇಬ್ಬರ ಹೆಗಲು ಹಿಡಿದು ಏರಿ ಹತ್ತಿ ಬಗ್ಗಿ ನೋಡಿದ. ನೀರು ಸ್ವಲ್ಪ ಇಳಿದಿತ್ತು. ಕಾಲುವೆಯ ಕಡೆಗೆ ಮುಖ ಮಾಡಿ, ಎದೆಮಟ್ಟ ನೀರಿನಲ್ಲಿ, ಮೂಗು ಸವೆದು, ಒಂದು ಕೈ ಕರಗಿ, ಚಿಪ್ಪಿನ ಕಣ್ಣೆರಡೂ ಅಗಲವಾಗಿ ಬಿಟ್ಟುಕೊಂಡು ಅವನು ನೆಟ್ಟಗೆ ನಿಂತಿದ್ದ.

"ನಿಂತಿದಾನಲ್ಲಯ್ಯ," ಅಂದ ಇಗಿಜಿ.

"ಇದು ನನ್ನ ಹಗ್ಗ ಸ್ವಾಮಿ! ಅವಳದಲ್ಲ! ನನ್ನ ಹಗ್ಗದ ಕೆಲ್ಸ ಮುಗಿದಿದೆ, ಬಿಲ್ಲೇಲಿ ನೋಡಿ."

"ಬಿಲ್ಲೆ ನೀರಿಗೆ ತೋರಿಸಿದ್ಯಾ?" ಇಗಿಜಿ ನಿಧಾನವಾಗಿ ನೆಟ್ಟಗಾದ. "ನಿನ್ನ ಹಗ್ಗ ಅಂತ ನೀನೇ ಒಪ್ಕೊಂಡೆ. ಅದರಲ್ಲಿ ನಿಂತಿರೋನು ದುದು ಮನೆಯೋನು. ನಿಮ್ಮ ಮನೆ ಗಂಡಸು ಎಲ್ಲಿ?"

"ಗುಡೀಲಿ ಪ್ರಾರ್ಥನೆ ಮಾಡ್ತಿದಾನೆ!" ಅಂದ ಅದ್ದಜ್ಜ.

ನಗೆ ನಿಲ್ಲಲು ಬಹಳ ಹೊತ್ತು ಬೇಕಾಯಿತು. ಇಗಿಜಿಯೂ ನಕ್ಕ, ಕಣ್ಣೊರೆಸಿಕೊಂಡ. ಆಮೇಲೆ ಗಂಡಸು ಬಾರದ ಮನೆಯ ಸರದಿ ಪಕ್ಕದ ಹೊಲಕ್ಕೆ ಹೋಗುತ್ತದೆ ಅನ್ನುವ ಕಟ್ಟಳೆಯನ್ನು ಎಲ್ಲರಿಗೂ ಕೇಳುವ ಹಾಗೆ ಹೇಳಿ, "ಗೆಮೆ, ನಿಂದೂ ನಿಂಗೆ, ಲುಗಿದಂದೂ ನಿಂಗೆ," ಅಂದ.

ಲುಗಿದನ ಮುಖ ಬಿಳಿಚಿತು. ಗೆಮೆಗೆ ಬಾಯಿ ತುಂಬ ಜೇನು ಹಾಕಿದಷ್ಟು ಖುಷಿಯಾಯಿತು, ಆ ಖುಷಿಯನ್ನು ಅವಳು ಪೂರ್ತಿಯಾಗಿ ಚಪ್ಪರಿಸಿದಳು. ಆಮೇಲೆ ಹೇಳಿದಳು:

"ಎರಡು ಸರದಿ ನೀರು ಬಿಟ್ರೆ ನನ್ನ ಈರುಳ್ಳಿ ಕೊಳೆತೋಗತ್ತೆ ಸ್ವಾಮಿ. ನಂದು ನನಗೆ ಸಾಕು. ಅವನದು ಅವನಿಗೆ ಬೇಕಾದ್ರೆ ಈ ಏರಿ ಕಟ್ಲಿ, ಕೈಯಾರೆ, ನನ್ನ ಗಂಡನ ಪಕ್ಕದಲ್ಲೇ ನಿಂತ್ಕೊಂಡು."

ಲುಗಿದ ಕಟ್ಟಿದ. ಹತ್ತು ದಿನ, ಬಿಸಿಲಲ್ಲಿ. ನೋಡಲು ಬಂದವರಿಗೆ ಕೂರಲು ಜಾಗ ಸಾಲುತ್ತಿರಲಿಲ್ಲ.

ಗೆಮೆಯ ಮೊದಲ ಸರದಿ ಬಂದ ಸಂಜೆ ದುದು ಊರುಗೋಲು ಹಿಡಿದು ಮಡಿಯ ಬದುವಿಗೆ ಬಂದು ಕೂತ. ಅವಳು ಲುಗಿದನ ಹಗ್ಗದ ಕೆಳಗಿದ್ದ ತನ್ನ ತೂಬಿನ ಹಲಗೆ ಎತ್ತಿದಳು. ನೀರು ಮಂದವಾಗಿ, ಕೆಂಪಗೆ, ಒಂದೊಂದೇ ಈರುಳ್ಳಿ ಸಾಲಿಗೆ ಹೊಕ್ಕಿತು. ಅದರಲ್ಲಿ ಜವೆಯ ಹೊಟ್ಟಿತ್ತು, ಆಡಿನ ಕೂದಲಿತ್ತು. ಗೆಮೆ ಕೈ ಅದ್ದಿ ನೋಡಿದಳು. ತಾನೇ ತುಳಿದು ಹದ ಮಾಡಿದ ಮಣ್ಣು ಅವಳಿಗೆ ಗೊತ್ತಾಗದಿರುತ್ತದೆಯೇ? ಮೂರನೆಯ ಸಾಲಿನಲ್ಲಿ ಏನೋ ಬೆಳ್ಳಗೆ ಉರುಳಿ ಬಂದು ದುದುವಿನ ಕಾಲ ಬಳಿ ನಿಂತಿತು. ಅವನು ಎತ್ತಿ ಪಂಚೆಗೆ ಒರೆಸಿದ. ಚಿಪ್ಪು, ನಡುವೆ ಡಾಂಬರಿನ ಬೊಟ್ಟು.

"ಬಂದ ನೋಡೇ," ಅಂದ ದುದು. "ಕೆಲ್ಸ ಮುಗಿಸ್ಕೊಂಡು ಮನೆಗೆ ಬಂದ."

ಗೆಮೆ ಅದನ್ನು ತೊಳೆದು ದುದುವಿನ ಪಕ್ಕ ಬದುವಿನ ಮೇಲೆ ಇಟ್ಟಳು. ಆಮೇಲೆ ಒಳಗೆ ಹೋಗಿ ಬೀರಿನ ಗಡಿಗೆ ತಂದು ಇಬ್ಬರ ನಡುವೆ ಇಟ್ಟಳು. ಹೀರಲು ಜೊಂಡಿನ ಕೊಳವೆ ಒಂದು ದುದುವಿಗೆ ಹಾಕಿದಳು, ಒಂದು ತನಗೆ. ಮೂರನೆಯದೊಂದನ್ನೂ ಹಾಕಿದಳು.

ದುದು ಅದನ್ನು ನೋಡಿದ. ಸ್ವಲ್ಪ ಸರಿದು ಕೂತು ಅವನಿಗೂ ಜಾಗ ಬಿಟ್ಟ.